ಪಾದ ಮತ್ತು ಹರಡಿನ ಕೀಲು ಸವೆತ: ಯಾವ ಚಿತ್ರ ಮೊದಲು, ಯಾವುದು ಆಮೇಲೆ?

ಪಾದದ ಅಥವಾ ಹರಡಿನ, ಅಂದರೆ ಕಾಲ್ಗಿಣ್ಣಿನ ನೋವು ತಿಂಗಳುಗಟ್ಟಲೆ ಬಿಡದೆ ಕಾಡಿದಾಗ, ಒಂದು ಎಂಆರ್‌ಐ ಮಾಡಿಸಿಬಿಡೋಣ ಎಂಬ ಮಾತು ಮನೆಯಲ್ಲಿಯೇ ಮೊದಲು ಹುಟ್ಟುತ್ತದೆ. ಸಿಂಧನೂರು, ಕುಷ್ಟಗಿ, ಸಂಡೂರುಗಳ ಕಡೆಯಿಂದ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಬರುವವರಿಗೆ ಒಂದೇ ಸಲಕ್ಕೆ ಎಲ್ಲವೂ ತಿಳಿದುಬಿಡಲಿ ಅನ್ನಿಸುವುದು ಸಹಜವೇ. ಆದರೆ ಕೀಲು ಸವೆತವನ್ನು, ಅಂದರೆ ಆಸ್ಟಿಯೋ ಆರ್ಥ್ರೈಟಿಸನ್ನು ಪತ್ತೆ ಮಾಡುವ ವಿಷಯದಲ್ಲಿ ದುಬಾರಿ ಸ್ಕ್ಯಾನೇ ಉತ್ತಮ ಸ್ಕ್ಯಾನ್ ಎಂಬ ಲೆಕ್ಕ ಸರಿಹೋಗುವುದಿಲ್ಲ.

ಚಿತ್ರಕ್ಕಿಂತ ಮೊದಲ ಹೆಜ್ಜೆ ವೈದ್ಯರ ಮುಂದೆ ಹೇಳಬೇಕಾದ ಪೂರ್ವಕಥೆ. ಮೊಣಕಾಲಿನಂತಲ್ಲದೆ, ಹರಡಿನ ಸವೆತ ಬಹುಪಾಲು ಹಳೆಯ ಪೆಟ್ಟಿನ ಫಲ. ಎಷ್ಟೋ ವರ್ಷಗಳ ಹಿಂದೆ ಟ್ರ್ಯಾಕ್ಟರಿನಿಂದ ಬಿದ್ದು ಮುರಿದ ಗಿಣ್ಣು, ಪದೇಪದೇ ಉಳುಕಿದ ಕಾಲು, ಒಳಗೆ ಉಳಿದ ಪ್ಲೇಟು ಮತ್ತು ಸ್ಕ್ರೂ, ಇವೆಲ್ಲವನ್ನೂ ತಪ್ಪದೆ ಹೇಳಬೇಕು. ನಲವತ್ತೈದು ದಾಟಿದವರಲ್ಲಿ ನಡೆದಾಗ ಹೆಚ್ಚುವ ನೋವಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲಗೊಳ್ಳುವುದಾದರೆ, ವೈದ್ಯರು ಕೈಯಿಂದ ಪರೀಕ್ಷಿಸಿಯೇ ಸವೆತವೆಂದು ಬಹುಮಟ್ಟಿಗೆ ನಿರ್ಧರಿಸಬಲ್ಲರು. ಯಾವ ಕೀಲು, ಎಷ್ಟು ಸವೆದಿದೆ, ಮುಂದೇನು ಎಂಬುದಕ್ಕಷ್ಟೇ ಚಿತ್ರ ಬೇಕಾಗುತ್ತದೆ.

ಎರಡನೆಯ ಹೆಜ್ಜೆ ಎಕ್ಸ್-ರೇ, ಅದೂ ನಿಂತು ತೆಗೆಸಿದ ಎಕ್ಸ್-ರೇ. ಮಲಗಿದ ಕಾಲಿನ ಮೇಲೆ ಭಾರವಿರುವುದಿಲ್ಲವಾದ್ದರಿಂದ, ಸವೆದು ಹತ್ತಿರವಾಗಬೇಕಾದ ಮೂಳೆಗಳ ನಡುವೆಯೂ ಜಾಗವಿರುವಂತೆ ತೋರುತ್ತದೆ; ಕುಸಿದ ಪಾದದ ಕಮಾನು ಸರಿಯಾಗಿರುವಂತೆಯೂ ಕಾಣಬಹುದು. ನಿಂತಾಗ ಮೈಭಾರವೆಲ್ಲ ಕೀಲಿನ ಮೇಲೆ ಬಿದ್ದು ನಿಜಸ್ಥಿತಿ ಹೊರಬರುತ್ತದೆ. ಬದಿಯ ನೋಟಕ್ಕೆ ರೋಗಿಯನ್ನು ಗಟ್ಟಿಮುಟ್ಟಾದ ಒಂದು ಮರದ ಮೆಟ್ಟಿಲಿನ ಮೇಲೆ ಹತ್ತಿಸಿ, ಎರಡು ಪಾದಗಳ ನಡುವೆ ಫಿಲಂ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಭಾರವನ್ನು ಎರಡೂ ಕಾಲಿನ ಮೇಲೆ ಸಮನಾಗಿ ಹಾಕಿಸಿ ತೆಗೆಯುತ್ತಾರೆ. ತೂಕ ತಪ್ಪುವ ವೃದ್ಧರು ಹಿಡಿದುಕೊಳ್ಳಲು ಕಂಬಿಯೋ ಕುರ್ಚಿಯ ಬೆನ್ನೋ ಇರಬೇಕು. ಇಷ್ಟು ಕೆಲಸಕ್ಕೆ ದೊಡ್ಡ ಯಂತ್ರ ಬೇಡ, ತಾಲ್ಲೂಕು ಆಸ್ಪತ್ರೆಯ ಎಕ್ಸ್-ರೇ ಕೋಣೆ ಸಾಕು. ತೊಡಕಿರುವುದು ಚೀಟಿಯಲ್ಲಿ. ‘ನಿಂತು’ ಎಂದು ಅದರಲ್ಲಿ ಬರೆದಿರದಿದ್ದರೆ, ಸರದಿ ಉದ್ದವಿರುವ ದಿನ ರೋಗಿಯನ್ನು ಮಲಗಿಸಿಯೇ ತೆಗೆದು ಕಳಿಸುವುದುಂಟು. ಆದ್ದರಿಂದ ಚೀಟಿ ಕೈಗೆ ಬಂದಾಗಲೇ ನಿಂತು ತೆಗೆಸಬೇಕೇ ಎಂದು ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಹರಡಿಗಾದರೆ ಮುಂದಿನಿಂದ, ಬದಿಯಿಂದ, ಕಾಲನ್ನು ತುಸು ಒಳಕ್ಕೆ ತಿರುಗಿಸಿ, ಹೀಗೆ ಮೂರು ನೋಟ. ಪಾದಕ್ಕೂ ಸಾಮಾನ್ಯವಾಗಿ ಮೂರು. ವಿಕಿರಣ ತೀರಾ ಅಲ್ಪ. ಆದರೂ ಗರ್ಭಿಣಿಯರು ಮೊದಲೇ ತಿಳಿಸಬೇಕು. ಹೊಸದಾಗಿ ಮೂಳೆ ಮುರಿದ ಶಂಕೆ ಇದ್ದರೆ ಮಾತ್ರ ನಿಲ್ಲುವ ಸಾಹಸ ಬೇಡ.

ಫಿಲಂ ಬಂದ ಮೇಲೆ ವೈದ್ಯರು ನೋಡುವುದು ಕೀಲಿನ ಸಂದು ಕಿರಿದಾಗಿದೆಯೇ, ಅಂಚಿನಲ್ಲಿ ಮೂಳೆಯ ಮುಳ್ಳು ಬೆಳೆದಿದೆಯೇ, ಕೀಲಿಗೆ ತಾಗಿದ ಮೂಳೆ ಗಡುಸಾಗಿ ಬೆಳ್ಳಗಾಗಿದೆಯೇ, ಅದರಲ್ಲಿ ಸಣ್ಣ ಪೊಳ್ಳುಗಳಿವೆಯೇ ಎಂಬುದನ್ನು. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ಕೊಟ್ಟ 0ಯಿಂದ 4ರವರೆಗಿನ ಶ್ರೇಣಿ (ಅಂಕಿ ಏರಿದಷ್ಟೂ ಸವೆತ ಹೆಚ್ಚು) ಇಂದಿಗೂ ವರದಿಗಳಲ್ಲಿ ಕಾಣುತ್ತದೆ. ಆ ಅಂಕಿಯನ್ನು ಕಂಡು ಗಾಬರಿಯಾಗಬೇಕಿಲ್ಲ. ಶ್ರೇಣಿ 3 ಇದ್ದೂ ಹೊಲದ ಕೆಲಸ ಮಾಡಿಕೊಂಡಿರುವವರಿದ್ದಾರೆ, ಶ್ರೇಣಿ 1ಕ್ಕೇ ಕುಂಟುವವರೂ ಇದ್ದಾರೆ. ನಮ್ಮ ಭಾಗಕ್ಕೆ ಸೇರಿದ ಇನ್ನೊಂದು ಎಚ್ಚರಿಕೆಯೂ ಇದೆ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳು ರಾಯಚೂರು, ಕೊಪ್ಪಳ, ಬಳ್ಳಾರಿ ಈ ಮೂರೂ ಜಿಲ್ಲೆಗಳಲ್ಲಿವೆ. ಮೂಳೆಗೆ ತಗಲುವ ಫ್ಲೋರೋಸಿಸ್‌ನಲ್ಲಿಯೂ ಕೀಲುಗಳು ಬಿಗಿದು ನೋಯುತ್ತವೆ. ಅದರ ಗುರುತುಗಳು ಪಾದಕ್ಕಿಂತ ಬೆನ್ನುಮೂಳೆ, ಸೊಂಟ ಮತ್ತು ಮುಂಗೈಯ ಎಕ್ಸ್-ರೇಯಲ್ಲಿ ಚೆನ್ನಾಗಿ ಕಾಣುವುದರಿಂದ, ಕುಡಿಯುವ ನೀರು ಎಲ್ಲಿಯದೆಂದು ವೈದ್ಯರಿಗೆ ಹೇಳಿರಬೇಕು.

ಬಹುತೇಕರ ಪರೀಕ್ಷೆ ಇಲ್ಲಿಗೇ ಮುಗಿಯುತ್ತದೆ. ಮುಂದಿನ ಹೆಜ್ಜೆ ಇಡಬೇಕಾದದ್ದು, ಎಕ್ಸ್-ರೇ ಉತ್ತರಿಸದ ಪ್ರಶ್ನೆಯೊಂದು ಉಳಿದಿದ್ದರೆ ಮಾತ್ರ. ಆ ಪ್ರಶ್ನೆ ಯಾವುದೆಂಬುದರ ಮೇಲೆ ಸ್ಕ್ಯಾನಿನ ಆಯ್ಕೆ ನಿಂತಿದೆ.

ಕೀಲಿನಲ್ಲಿ ನೀರು ತುಂಬಿದೆಯೇ, ಒಳಪೊರೆ ಊದಿದೆಯೇ ಎಂದು ತಿಳಿಯಲು ಅಲ್ಟ್ರಾಸೌಂಡ್ ಸಾಕು. ಹೆಬ್ಬೆರಳಿನ ಬುಡದ ನೋವು ಸವೆತದ್ದೋ, ಯೂರಿಕ್ ಆಮ್ಲದ ಹರಳು ಕೂತು ಬರುವ ಗೌಟಿನದೋ ಎಂಬ ಗೊಂದಲದಲ್ಲಿ ಅದು ಬಹಳ ನೆರವಾಗುತ್ತದೆ. ಕೀಲಿಗೆ ಚುಚ್ಚುಮದ್ದು ಕೊಡುವಾಗ ಸೂಜಿಗೆ ದಾರಿಯನ್ನೂ ತೋರಿಸುತ್ತದೆ. ಆದರೆ ಮೂಳೆಯನ್ನು ದಾಟಿ ಕೀಲಿನ ಒಡಲನ್ನು ಅದು ಕಾಣಲಾರದು.

ಪಾದದ ನಡುಭಾಗದಲ್ಲಿ ಸಣ್ಣ ಮೂಳೆಗಳು ಒಂದರ ಮೇಲೊಂದು ಕವಿದಿರುವುದರಿಂದ ಎಕ್ಸ್-ರೇಯಲ್ಲಿ ಯಾವ ಕೀಲು ಸವೆದಿದೆ ಎಂಬುದು ಗೋಜಲಾಗುತ್ತದೆ. ಅಲ್ಲಿಯೂ, ಹರಡಿನ ಕೆಳಗಿನ ಕೀಲಿನಲ್ಲಿಯೂ ಸಿ.ಟಿ. ಸ್ಕ್ಯಾನ್‌ನದು ಮೇಲುಗೈ, ಶಸ್ತ್ರಚಿಕಿತ್ಸೆಯ ಯೋಜನೆಗೂ ಅದೇ ಬೇಕಾಗುತ್ತದೆ. ನಿಂತೇ ತೆಗೆಯುವ ಸಿ.ಟಿ. ಯಂತ್ರವೂ ಬಂದಿದೆ, ಆದರೆ ಅದು ನಮ್ಮ ಊರುಗಳಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ.

ಇನ್ನು ಎಂಆರ್‌ಐ. ಮೃದ್ವಸ್ಥಿ (ಕೀಲಿನಲ್ಲಿ ಮೂಳೆಯ ತುದಿಗಳನ್ನು ಹೊದ್ದಿರುವ ನುಣುಪಾದ ಪದರ), ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಲಿಗಮೆಂಟು, ಸ್ನಾಯುರಜ್ಜು, ಮೂಳೆಯೊಳಗಿನ ಊತ ಇವನ್ನೆಲ್ಲ ವಿಕಿರಣವಿಲ್ಲದೆ ತೋರಿಸುವ ಶಕ್ತಿ ಇದಕ್ಕಿದೆ. ಎಕ್ಸ್-ರೇ ಸರಿಯಿದ್ದೂ ನೋವು ಹೋಗದಿದ್ದಾಗ ಇದನ್ನು ಮಾಡಿಸುವುದು ನ್ಯಾಯ. ಆದರೆ ಹರಡಿನ ಮೃದ್ವಸ್ಥಿಯ ದಪ್ಪವೇ ಒಂದೂವರೆ ಮಿಲಿಮೀಟರಿನ ಆಸುಪಾಸು. ಅಷ್ಟು ತೆಳು ಪದರದ ಮೊದಮೊದಲ ಸವೆತ ಎಂಆರ್‌ಐಗೂ ಜಾರಿಹೋಗಬಹುದು. ಹಳೆಯ ಪ್ಲೇಟು, ಸ್ಕ್ರೂಗಳಿದ್ದರೆ ಅವುಗಳ ಸುತ್ತ ಚಿತ್ರ ಕಲಸಿಹೋಗುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಸ್ಕ್ಯಾನ್ ಕೋಣೆಯ ಬಾಗಿಲಿಗೆ ಹೋಗುವ ಮುನ್ನವೇ ಹೇಳಬೇಕು. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಈ ಸರದಿ ಬದಲಾಗುತ್ತದೆ: ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡು, ಊತಕ್ಕೆ ತಕ್ಕ ನೋವಿಲ್ಲದಿದ್ದರೆ ಅದು ಶಾರ್ಕೋ ಪಾದ, ಅಂದರೆ ನರಗಳು ಸ್ಪರ್ಶ ಕಳೆದುಕೊಂಡು ಮೂಳೆ, ಕೀಲುಗಳು ಕುಸಿಯುವ ಸ್ಥಿತಿ ಇರಬಹುದು. ಮೊದಲ ವಾರಗಳ ಎಕ್ಸ್-ರೇಯಲ್ಲಿ ಏನೂ ಕಾಣದೆಯೂ ಇರಬಹುದಾದ್ದರಿಂದ, ಕಾಲೂರದೆ ಅಂದೇ ವೈದ್ಯರನ್ನು ಕಂಡು, ಅವರು ಹೇಳಿದರೆ ಎಂಆರ್‌ಐಗೆ ತಡಮಾಡಬಾರದು.

ಹಲವು ಕೀಲುಗಳು ಸವೆದಿದ್ದು, ನೋವಿನ ಮೂಲ ಯಾವುದೆಂದು ತಿಳಿಯದಾದಾಗ ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವನ್ನು ರಕ್ತನಾಳಕ್ಕೆ ಕೊಟ್ಟು ಮಾಡುವ ಸ್ಪೆಕ್ಟ್-ಸಿ.ಟಿ. ಒಂದಿದೆ. ಅದಕ್ಕೆ ದೊಡ್ಡ ನಗರಕ್ಕೆ ಹೋಗುವ ಮುನ್ನ, ಶಂಕೆಯಿರುವ ಒಂದೇ ಕೀಲಿಗೆ ಚಿತ್ರ ನೋಡುತ್ತ ಅರಿವಳಿಕೆ ಚುಚ್ಚಿ, ನೋವು ತಾತ್ಕಾಲಿಕವಾಗಿ ಇಳಿಯುತ್ತದೆಯೇ ಎಂದು ಪರೀಕ್ಷಿಸಲು ಸಾಧ್ಯವೇ ಎಂದು ಮೂಳೆ ವೈದ್ಯರನ್ನು ಕೇಳಿ.

ಯಾವ ಪರೀಕ್ಷೆಯಾದರೂ ವರದಿಯ ಹಾಳೆಯೊಂದನ್ನೇ ಇಟ್ಟುಕೊಳ್ಳದೆ ಫಿಲಂ ಅಥವಾ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಮನೆಯ ತಗಡಿನ ಮೇಲ್ಛಾವಣಿಯ ಕಾವಿಗೆ ಫಿಲಂ ಅಂಟಿಕೊಳ್ಳದಂತೆ ಲಕೋಟೆಯಲ್ಲಿ ನೆಟ್ಟಗಿರಿಸಿ, ನಿಂತು ತೆಗೆಸಿದ್ದೋ ಮಲಗಿ ತೆಗೆಸಿದ್ದೋ ಎಂದು ಲಕೋಟೆಯ ಮೇಲೆ ದಿನಾಂಕದೊಂದಿಗೆ ಬರೆದಿಡಿ.