ಒಂದೇ ಅಡುಗೆಮನೆಗೆ ನಾಲ್ಕು ಬಗೆಯ ಯಜಮಾನಿಕೆ

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ಇಡುವವರು ಹಿಟ್ಟಿಗೆ ಅಕ್ಕಿ, ಉದ್ದು, ಮಂಡಕ್ಕಿ ಎಷ್ಟೆಷ್ಟು ಎಂದು ಹತ್ತು ಮಂದಿಯನ್ನು ವಿಚಾರಿಸುತ್ತಾರೆ. ಕೆಲಸದವರನ್ನು ಮಾತ್ರ ತಮ್ಮ ಸ್ವಭಾವಕ್ಕೆ ತಕ್ಕಂತೆ ನಡೆಸಿಕೊಳ್ಳುತ್ತಾರೆ: ಕೋಪಿಷ್ಠರು ಎಲ್ಲರ ಮೇಲೂ ರೇಗುತ್ತಾರೆ, ಮೆದು ಮನಸ್ಸಿನವರು ಎಲ್ಲರನ್ನೂ ಬಿಟ್ಟುಬಿಡುತ್ತಾರೆ. 1969ರಲ್ಲಿ ಅಮೆರಿಕದ ನಿರ್ವಹಣಾ ತಜ್ಞರಾದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಬೇರೆಯೇ ದಾರಿ ಸೂಚಿಸಿದರು. ಎದುರಿಗಿರುವವರು ಆ ಕೆಲಸದಲ್ಲಿ ಎಷ್ಟು ಪಳಗಿದ್ದಾರೆ ಎಂದು ನೋಡಿ ನಿಮ್ಮ ರೀತಿ ಬದಲಿಸಿಕೊಳ್ಳಿ ಎಂಬುದು ಅವರ ವಾದ.

1. ಕೆಲಸಗಳನ್ನು ಬಿಡಿಸಿ ಬರೆಯಿರಿ
ಹಿಟ್ಟು, ಕಾವಲಿ, ಪಲ್ಯ, ಗಲ್ಲಾ, ಮೊಬೈಲ್ ಆರ್ಡರ್. ಪ್ರತಿ ಕೆಲಸಕ್ಕೂ ಎರಡು ಪ್ರಶ್ನೆ: ಇವರಿಗೆ ಇದು ಬರುತ್ತದೆಯೇ? ಮಾಡಲು ಮನಸ್ಸು, ಧೈರ್ಯ ಇದೆಯೇ? ಹೆಚ್ಚಿನವರು ಎಡವುವುದು ಇಲ್ಲೇ, ಮನುಷ್ಯನಿಗೇ ಅಂಕ ಹಾಕಿಬಿಡುತ್ತಾರೆ. ವರ್ಷಗಟ್ಟಲೆ ದೋಸೆ ಹುಯ್ದ ಮಾಸ್ಟರ್ ಕೂಡ ಮೊಬೈಲ್ ಆರ್ಡರಿಗೆ ಹೊಸಬರೇ.

2. ರೀತಿ ಆರಿಸಿಕೊಳ್ಳಿ
ಹೊಸಬರಿಗೆ ಸ್ಪಷ್ಟವಾಗಿ ಹೇಳಿ, ಪಕ್ಕದಲ್ಲಿ ನಿಂತು ತೋರಿಸಿ. ಅಲ್ಪಸ್ವಲ್ಪ ಕಲಿತವರಿಗೆ ಕಾರಣವನ್ನೂ ಹೇಳಿ; ಕಾವಲಿಗೆ ನೀರು ಚಿಮುಕಿಸುವುದು ಏಕೆಂದು ತಿಳಿದವನು ಉರಿ ಹೆಚ್ಚಾದಾಗ ತಾನೇ ಸರಿಪಡಿಸುತ್ತಾನೆ.

ಕೆಲಸ ಬಂದೂ ಹಿಂಜರಿಯುವವರ ವಿಷಯದಲ್ಲಿ ತಾಳ್ಮೆ ಬೇಕು. ಅವರಿಗೆ ಪಾಠ ಹೇಳಿದರೆ ಅವಮಾನ ಮಾಡಿದಂತೆ. ‘ನಾಳೆ ಮದುವಿ ಆರ್ಡರ್ ಐತಿ, ಹೆಂಗ್ ಮಾಡಾಣ ಅಣ್ಣ, ನೀವೇ ಹೇಳ್ರಿ’ ಎಂದು ಕೇಳಿ, ಅವರು ಹೇಳಿದ್ದನ್ನು ಸಾಧ್ಯವಾದಷ್ಟು ಹಾಗೆಯೇ ಜಾರಿಗೆ ತನ್ನಿ. ಕೇಳಿದ ಮೇಲೂ ತಮ್ಮದೇ ನಡೆಸುವ ಯಜಮಾನರಿಗೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ನುರಿತವರಿಗೆ ಪೂರ್ತಿ ವಹಿಸಿ, ಲೆಕ್ಕ ಮಾತ್ರ ಕೇಳಿ.

ಸಂಶೋಧಕರ ಪರೀಕ್ಷೆಯಲ್ಲಿ ಹರ್ಸಿ, ಬ್ಲಾಂಚರ್ಡ್ ಅವರ ಈ ಸಿದ್ಧಾಂತದ ಎಲ್ಲ ಭಾಗಗಳೂ ಒಂದೇ ಸಮನೆ ನಿಂತಿಲ್ಲ. ಹೊಸಬರಿಗೆ ಖಚಿತ ಸೂಚನೆ ಬೇಕೆಂಬ ಭಾಗಕ್ಕೆ ಬಲ ಹೆಚ್ಚು. ಉಳಿದದ್ದನ್ನು ನಿಮ್ಮ ಅಂಗಡಿಯಲ್ಲೇ ಪರೀಕ್ಷಿಸಿ ನೋಡಿ.

3. ಗದ್ದಲದ ಹೊತ್ತಿಗೆ ಬೇರೆ ನಿಯಮ
ಭಾನುವಾರ ಬೆಳಿಗ್ಗೆ ಟೇಬಲ್ ತುಂಬಿರುವಾಗ ಚರ್ಚೆ ಸಲ್ಲದು, ಒಬ್ಬರ ಮಾತೇ ನಡೆಯಬೇಕು. ಆ ಒಬ್ಬರು ಯಾರೆಂದು ಹಿಂದಿನ ರಾತ್ರಿಯೇ ಎಲ್ಲರಿಗೂ ತಿಳಿಸಿ. ಅವರು ಮಾಲೀಕರೇ ಆಗಬೇಕಿಲ್ಲ. ಕಾವಲಿ ಮುಂದೆ ನಿಂತವರಾದರೆ ಇನ್ನೂ ಒಳ್ಳೆಯದು.

4. ಕೆಲಸ ಕೆಟ್ಟರೆ ಒಂದೇ ಮೆಟ್ಟಿಲು ಇಳಿಯಿರಿ
ನುರಿತವರ ಹಿಟ್ಟು ಎರಡು ದಿನ ಹುಳಿಯಾದರೆ ಮೊದಲ ಪಾಠದಿಂದ ಶುರು ಮಾಡಬೇಡಿ; ಪೂರ್ತಿ ವಹಿಸುವ ರೀತಿಯಿಂದ ಅವರನ್ನೇ ಕೇಳಿ ನಡೆಸುವ ರೀತಿಗೆ ಮಾತ್ರ ಇಳಿಯಿರಿ. ಮನೆಯಲ್ಲಿ ಕಾಯಿಲೆಯೋ, ಸಾಲದ ಚಿಂತೆಯೋ ಇರಬಹುದು. ಅಂಗಡಿ ಮುಚ್ಚಿದ ಮೇಲೆ ಬೇರೆಯವರಿಲ್ಲದಾಗ ಕೂರಿಸಿಕೊಂಡು ಕೇಳಿ.