ಬ್ರಷ್ ಬರಹದ ಕನ್ನಡ ಫಾಂಟ್: ನನ್ನ ಅನುಭವ

ಬ್ರಷ್‌ನಲ್ಲಿ ಸರಸರ ಬರೆದಂತೆ ಕಾಣುವ ಕನ್ನಡ ಫಾಂಟ್ ಕೊನೆಗೂ ಆಯಿತು. ಸಂಕ್ರಾಂತಿಗೆ ನಮ್ಮ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಎಷ್ಟೋ ಬ್ಯಾನರ್‌ಗಳಲ್ಲಿ ಅದೇ ಇತ್ತು. "ಒತ್ತಕ್ಷರದಾಗ ಇದು ಆಗೂ ಕೆಲಸ ಅಲ್ಲ ಬಿಡೋ" ಅಂದಿದ್ದ ಡಿಟಿಪಿ ಗೆಳೆಯರೇ ಈಗ ಫೈಲ್ ಕೇಳುತ್ತಿದ್ದಾರೆ.

ವರ್ಣಮಾಲೆ ಬರೆದು ಸ್ಕ್ಯಾನ್ ಮಾಡುವ ದಾರಿ ಬಿಟ್ಟುಬಿಡಿ. ಅ, ಆ, ಇ ಅಂತ ಒಂದೊಂದೇ ಬರೆಯುವಾಗ ಕೈ ಬಿಗಿಯುತ್ತದೆ. ನಾನು ಪದಗಳನ್ನೇ ಬರೆದೆ. ಖಾನಾವಳಿ, ಕಿರಾಣಿ ಅಂಗಡಿ, ಹಾರ್ದಿಕ ಸ್ವಾಗತ, ಬಿಸಿ ರೊಟ್ಟಿ. ನಿಂತುಕೊಂಡು, ಜೋರಾಗಿ. ಆಮೇಲೆ ಪದದೊಳಗಿಂದ ಅಕ್ಷರ ಬಿಡಿಸಿದೆ. ಕಿ, ಟಿ, ಳಿ ಇಂಥವನ್ನು ಇಡಿಯಾಗಿಯೇ ತೆಗೆಯಬೇಕು. ಗುಡಿಸನ್ನು ಬೇರೆ ಅಂಟಿಸಿದರೆ ಸೇರುವ ಜಾಗದಲ್ಲಿ ಗಂಟು ಕಾಣುತ್ತದೆ. ಒತ್ತುಗಳು ಮಾತ್ರ ಬೇರೆ ಇರಲಿ.

ನಿಜವಾದ ಕಸುಬು ಇರುವುದು ಒಂದೇ ಅಕ್ಷರ ಎರಡು ಸಲ ಬಂದಾಗ. 'ಸರಕಾರ'ದ ಎರಡೂ ರ ತದ್ರೂಪ ಇದ್ದರೆ ಅದು ಕೈಬರಹ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ರ, ಗ, ದ, ಲ, ನ ಇವಕ್ಕೆ ಮೂರು ಮೂರು ರೂಪ ಕೊಟ್ಟೆ. ಯಾವುದು ಎಲ್ಲಿ ಬರಬೇಕು ಅನ್ನುವ ನಿಯಮ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಸ್ಕ್ಯಾನ್ ಚಿತ್ರದ ಅಂಚನ್ನು ಸಾಫ್ಟ್‌ವೇರ್ ತಾನೇ ಗೆರೆಯಾಗಿಸುವ ಆಟೋ ಟ್ರೇಸ್ ನಂಬಿ ದುಡ್ಡು ಹೋಯಿತು. ಒಂದು ಅಕ್ಷರಕ್ಕೆ ಐನೂರರ ಹತ್ತಿರ ನೋಡ್, ಅಂದರೆ ಗೆರೆಯನ್ನು ಹಿಡಿದಿಡುವ ಚುಕ್ಕಿ! ಕಟಿಂಗ್ ಮಷಿನ್‌ನಲ್ಲಿ ವಿನೈಲ್ ಅಂಚು ಕಿತ್ತು ಬಂದು ಸುಮಾರು ಎರಡು ಸಾವಿರದ ಮಾಲು ಹಾಳಾಯಿತು. ಫಾಂಟ್ ಮಾಡುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್‌ನಲ್ಲಿ ಕುಳಿತು ಒಂದೊಂದೇ ನೋಡ್ ಅಳಿಸಿದೆ. ಈಗ ಅಕ್ಷರಕ್ಕೆ ನಲವತ್ತರ ಆಸುಪಾಸು. ಒಣ ಬ್ರಷ್‌ನ ಗೀರು ಅಕ್ಷರದ ಬಾಲದಲ್ಲಿ ಮಾತ್ರ ಉಳಿಸಿದ್ದೇನೆ.

ನಡುವೆ ಜೋಳದ ದಂಟನ್ನೂ ಲೇಖನಿ ಮಾಡಿ ನೋಡಿದೆ. ಒಳಗಿನ ಬೆಂಡು ಇಂಕು ಚೆನ್ನಾಗಿ ಹೀರುತ್ತದೆ, ಮೊದಲ ಸಾಲು ಅದ್ಭುತ. ಎರಡನೇ ಸಾಲಿಗೆ ತುದಿ ಬಿರಿಯುತ್ತದೆ. ಆದರೂ ಅದರ 'ಳ' ಎಷ್ಟು ಚೆಂದ ಬಂತೆಂದರೆ ಹಾಗೇ ಫಾಂಟಿಗೆ ಸೇರಿಸಿದೆ.

ಬ್ಯಾನರ್ ಡಿಸೈನ್ ಮಾಡುವ ಕೋರಲ್ ಸಾಫ್ಟ್‌ವೇರ್‌ನ ಹಳೇ ಆವೃತ್ತಿಯಲ್ಲಿ ಯೂನಿಕೋಡ್ ಕನ್ನಡ ಒಡೆಯುತ್ತದೆ ಅಲ್ವಾ? ಅದಕ್ಕೇ ಯೂನಿಕೋಡ್‌ಗಿಂತ ಹಳೆಯ ಪದ್ಧತಿಯಾದ ಆಸ್ಕಿ ನುಡಿ ಕೀಲಿಗೂ ಒಂದು ಫಾಂಟ್ ಮಾಡಿದೆ. ಅಲ್ಲಿ 256 ಮನೆಗಳಷ್ಟೇ, ಮೂರು ರೂಪ ಹಿಡಿಸುವುದಿಲ್ಲ. ಸುಮ್ನೆ ಒಂದೇ ರೂಪ ಇಟ್ಟೆ.

2024ರಲ್ಲಿ ಬೋರ್ಡಿನಲ್ಲಿ ಶೇ 60 ಕನ್ನಡ ಕಡ್ಡಾಯ ಆದಮೇಲೆ ಬೇರೆ ತರಹದ ಅಕ್ಷರ ಕೇಳುವ ಅಂಗಡಿಯವರು ಜಾಸ್ತಿ ಆಗಿದ್ದಾರೆ. ಒಂದು ಬೋರ್ಡ್ ಡಿಸೈನಿಗೆ ಮುನ್ನೂರು ಸಿಗುತ್ತಿತ್ತು, ಈಗ ಏಳೆಂಟುನೂರು ಕೊಡುತ್ತಾರೆ. ಹಾಕಿದ ದುಡ್ಡು ಎರಡು ಸೀಸನ್‌ನಲ್ಲಿ ವಾಪಸ್ ಬಂತು.

ನೀವು ಮಾಡುವುದಾದರೆ ಮೊದಲು 'ರಾಷ್ಟ್ರ' ಟೈಪ್ ಮಾಡಿ. ಎರಡು ಒತ್ತು ಕೆಳಗಿಳಿಯುತ್ತವೆ. ಸಾಲಿನ ಕೆಳಗೆ ಅಕ್ಷರಕ್ಕೆ ಎಷ್ಟು ಜಾಗ ಅಂತ ಫಾಂಟಿನಲ್ಲಿ ಹೇಳುವ ಅಳತೆ, ವಿನ್ ಡಿಸೆಂಟ್, ಕಡಿಮೆ ಇದ್ದರೆ ವಿಂಡೋಸ್ ಅವನ್ನು ಅರ್ಧಕ್ಕೆ ಕತ್ತರಿಸಿ ತೋರಿಸುತ್ತದೆ. ನಾನು ಅಕ್ಷರದ ಚೌಕ 1000 ಯೂನಿಟ್ ಇದ್ದರೆ ಅದನ್ನು 450ರ ಹತ್ತಿರ ಇಟ್ಟಿದ್ದೇನೆ.