107ರಲ್ಲಿ ಸಂಗಮ, 284ರಲ್ಲಿ ಎಡವಟ್ಟು

ನಿಯಮ ಇಷ್ಟೇ: ಒಂದು ಸಂಖ್ಯೆಗೆ ಅದರದೇ ಅಂಕಿಗಳ ಮೊತ್ತವನ್ನು ಕೂಡಿಸಬೇಕು, ಬಂದ ಸಂಖ್ಯೆಗೆ ಮತ್ತೆ ಹಾಗೆಯೇ ಮಾಡಬೇಕು. ಒಂದು ಸಂಜೆ ಹೊತ್ತು ಕಳೆಯಲೆಂದು 1ರಿಂದ ಬರೆಯತೊಡಗಿದೆ: 1, 2, 4, 8, 16. ಎಲ್ಲವೂ ದುಪ್ಪಟ್ಟು, ಇದರಲ್ಲೇನಿದೆ ಎಂದುಕೊಳ್ಳುವಷ್ಟರಲ್ಲಿ 23 ಬಂತು. ಆಮೇಲೆ 28, 38, 49, 62, 70, 77, 91, 101, 103, 107.

ಪಕ್ಕದಲ್ಲಿ 7ರಿಂದ ಇನ್ನೊಂದು ಸಾಲು ಹಿಡಿದೆ: 14, 19, 29, 40, 44, 52, 59, 73, 83, 94, 107. ಎರಡೂ ಒಂದೇ ಕಡೆ ಬಂದು ನಿಂತವು! ಮುಂದಿನ ಸಂಖ್ಯೆ ಹುಟ್ಟುವುದು ಹಿಂದಿನದೊಂದರಿಂದಲೇ ಆದ್ದರಿಂದ, ಒಮ್ಮೆ ಕೂಡಿದ ಸಾಲುಗಳು ಮತ್ತೆ ಅಗಲುವಂತಿಲ್ಲ.

5ರ ಸಾಲು ಸತಾಯಿಸಿತು. ಎರಡು ಪುಟ ತುಂಬಿದ ಮೇಲೆ 305ರಲ್ಲಿ ಅದು 1ರ ಸಾಲಿಗೆ ಸೇರಿದಾಗ ಹಿಗ್ಗಿದೆ. ಆದರೆ ಏಕೋ ಅನುಮಾನ. ಕೂಡಿದ್ದನ್ನೆಲ್ಲ ಮತ್ತೆ ಕೂಡುವ ತಾಳ್ಮೆ ನನಗಿರಲಿಲ್ಲ; ಪ್ರತಿ ಸಂಖ್ಯೆಯನ್ನೂ 9ರಿಂದ ಭಾಗಿಸಿ ಶೇಷ ಬರೆದೆ. ಸಂಖ್ಯೆಗೂ ಅದರ ಅಂಕಿಗಳ ಮೊತ್ತಕ್ಕೂ ಬರುವ ಶೇಷ ಒಂದೇ. ಹಾಗಾಗಿ ಪ್ರತಿ ಹೆಜ್ಜೆಗೂ ಶೇಷ ಇಮ್ಮಡಿಯಾಗಬೇಕು, 9 ಮೀರಿದರೆ 9 ಕಳೆಯಬೇಕು: 1, 2, 4, 8, 7, 5, ಮತ್ತೆ 1. ನನ್ನ ಪುಟದಲ್ಲಿ 284ರ ಶೇಷ 5, ಅದರ ಮುಂದಿನ 301ರ ಶೇಷ 4. ಅಲ್ಲಿ 1 ಬರಬೇಕಿತ್ತು. 14ರ ಬದಲು 17 ಕೂಡಿಸಿಬಿಟ್ಟಿದ್ದೆ! ಸರಿಪಡಿಸಿ 298ರಿಂದ ಮುಂದುವರಿಸಿದಾಗ ನಿಜವಾದ ಸಂಗಮ 620ರಲ್ಲಿ ಸಿಕ್ಕಿತು. ಒಂದು ಸಾಲು 598ರಿಂದ ಬಂದರೆ ಇನ್ನೊಂದು 607ರಿಂದ.

ತಪ್ಪು ಹುಡುಕಲು ಹಿಡಿದ ಈ ಶೇಷವೇ ಇನ್ನೊಂದು ವಿಷಯವನ್ನೂ ಬಿಡಿಸಿಟ್ಟಿತು. 3ರಿಂದ ಹೊರಟರೆ ಶೇಷ 3, 6, 3, 6 ಎಂದೇ ತಿರುಗುತ್ತದೆ. 9ರಿಂದ ಹೊರಟರೆ ಸದಾ ಸೊನ್ನೆ. ಆ ಎರಡು ಸಾಲುಗಳು ತಮ್ಮೊಳಗೂ ಸೇರುವುದಿಲ್ಲ, 1ರ ಸಾಲಿಗೂ ಬರುವುದಿಲ್ಲ. ಎಷ್ಟು ಪುಟ ತುಂಬಿಸಿದರೂ ಅಷ್ಟೇ.

ಯಾವ ಸಂಖ್ಯೆಯಿಂದಲೂ ಹುಟ್ಟದವುಗಳನ್ನು ಪಟ್ಟಿ ಮಾಡಲು ಮಾತ್ರ ಕಂಪ್ಯೂಟರ್ ಬಳಸಿದೆ. ನೂರರೊಳಗೆ ಹದಿಮೂರು ಸಿಕ್ಕವು: 1, 3, 5, 7, 9, ಆಮೇಲೆ 20, 31, 42 ಎಂದು ಹನ್ನೊಂದರ ಅಂತರದಲ್ಲಿ 97ರವರೆಗೆ. ಈ ಅಂತರವೇ ಕಾಯಂ ಎಂದು ನಂಬಿದ್ದೆ; 108ರ ನಂತರ 110 ಬಂದು ನಂಬಿಕೆ ಮುರಿಯಿತು. ಇಂತಹ ಸ್ವಯಂಭೂ ಸಂಖ್ಯೆಗಳನ್ನು 1949ರಲ್ಲಿ ಮೊದಲು ವಿವರಿಸಿದವರು ಮಹಾರಾಷ್ಟ್ರದ ದೇವಳಾಲಿಯ ಶಾಲಾ ಶಿಕ್ಷಕ ದ. ರಾ. ಕಾಪ್ರೇಕರ್, ‘ಕಾಪ್ರೇಕರ್ ಸ್ಥಿರಾಂಕ’ ಎನಿಸಿದ 6174ರಿಂದ ಹೆಸರಾದವರೂ ಅವರೇ.

ಈಗ ಒಂದೊಂದು ಸ್ವಯಂಭೂವಿನಿಂದಲೂ ಕೈಯಲ್ಲೇ ಸಾಲು ಎಳೆಯುತ್ತಿದ್ದೇನೆ, ಅಂಚಿನಲ್ಲಿ ಶೇಷ ಬರೆದುಕೊಂಡೇ. 20ರದು 109ರಲ್ಲಿ 5ರ ಸಾಲಿಗೆ ಬಿತ್ತು, 31ರದು 214ರಲ್ಲಿ. 42ರ ಶೇಷ 6. ಅದನ್ನು 3ರ ಪುಟಕ್ಕೆ ಕಳುಹಿಸಿದ್ದೇನೆ.